ಇನ್ನೂರ ಹನ್ನೊಂದನೆಯ ನಂಬರಿನ ಕೋಟು

"ಅತ್ತಿಗೆ, ಇವತ್ತೂ ಇಸ್ತ್ರೀನಾ?"

ನಾದಿನಿ ಅಂಗಡಿಯ ಒಳಬಾಗಿಲಲ್ಲಿ ನಿಂತು ಹೀಗೆ ಕೇಳಿದಾಗ ಅವಳು ಬಿಳಿ ಅಂಗಿಯ ಎಡತೋಳು ಮುಗಿಸಿ ಬಲತೋಳಿಗೆ ನೀರು ಚಿಮುಕಿಸುತ್ತಿದ್ದಳು.

"ಇವತ್ತಲ್ಲದೆ ಇನ್ಯಾವತ್ತು? ಮುದುರಿದ ಅಂಗಿ ಹಾಕಿ ಕಳಿಸಿದರೆ ನಿನ್ನಣ್ಣ ಅರ್ಧ ದಾರಿಯಿಂದ ವಾಪಸ್ ಬರ್ತಾರೆ."

ನಾದಿನಿಗೆ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ಮೂಗೊರೆಸಿಕೊಂಡು ಸ್ಟೂಲಿನ ಮೇಲೆ ಕೂರಲು ಹೋದವಳು ಥಟ್ಟನೆ ಎದ್ದುಬಿಟ್ಟಳು. ಮೊನ್ನೆ ಬೆಳಗ್ಗೆ ಅವಳ ಅಣ್ಣ ಅದೇ ಸ್ಟೂಲಿನ ಮೇಲೆ ಕೂತು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ. ಬಲಗಾಲಿನದು ಕಟ್ಟಿ ಆಗಿತ್ತು. ಎಡಗಾಲಿನದಕ್ಕೆ ಬಗ್ಗಿದವನು ಮತ್ತೆ ನೆಟ್ಟಗಾಗಿ ಹಾಗೇ ಗೋಡೆಗೆ ಒರಗಿದ. ಒಳಗಿನಿಂದ ಟೀ ತಂದ ಹೆಂಡತಿ, "ಬೆಳಬೆಳಗ್ಗೆ ಏನ್ರೀ ಇದು ತೂಕಡಿಕೆ?" ಎಂದು ಗದರಿದಳು. ಗದರಿದ್ದು ಅವನಿಗೆ ಕೇಳಿಸಿತೋ ಇಲ್ಲವೋ ಎಂಬುದು ಅವಳಿಗೆ ಇನ್ನು ಗೊತ್ತಾಗುವಂತಿಲ್ಲ.

ಬೀದಿಯವರಿಗೆಲ್ಲ ಅವನು ಗರಿಗರಿಯಣ್ಣ. ನಿಜವಾದ ಹೆಸರು ಅಂಗಡಿಯ ಪರವಾನಗಿ ಪತ್ರದಲ್ಲಿತ್ತು, ಅದನ್ನು ಯಾರೂ ಓದುತ್ತಿರಲಿಲ್ಲ. ಮೂವತ್ತೊಂದು ವರ್ಷ ಗಂಡ ಹೆಂಡತಿ ಈ ಲಾಂಡ್ರಿ ನಡೆಸಿದ್ದರು. ಕಳೆದ ವಾರ ಪ್ರವಾಸಕ್ಕೆ ಹೋಗುವ ತನಕ ಒಂದು ದಿನವೂ ಬಾಗಿಲು ಮುಚ್ಚಲಿಲ್ಲ ಎಂದರೆ ಸುಳ್ಳಾದೀತು. ಮಗಳು ಹುಟ್ಟಿದ ದಿನ ಮಧ್ಯಾಹ್ನದ ತನಕ ಮುಚ್ಚಿತ್ತು. ಅವನ ಕೈಯಿಂದ ಹೊರಬಂದ ಪ್ಯಾಂಟಿನ ಗೆರೆ ಸೊಂಟದಿಂದ ಪಾದದ ತನಕ ನೂಲು ಹಿಡಿದ ಹಾಗೆ ಇರುತ್ತಿತ್ತು. ಅವನಿಗೆ ಎರಡೇ ಎರಡು ಕಟ್ಟಳೆ. ಗಿರಾಕಿಯ ಬಟ್ಟೆ ನಮ್ಮ ಮೈಗೆ ತಾಗಬಾರದು. ಬಟ್ಟೆಗೆ ಕಟ್ಟಿದ ನಂಬರಿನ ಚೀಟಿಯನ್ನು ಗಿರಾಕಿಯ ಕೈಗೆ ಕೊಡುವ ಗಳಿಗೆಯಲ್ಲಿ ಮಾತ್ರ ಬಿಚ್ಚಬೇಕು, ಒಂದು ನಿಮಿಷ ಮುಂಚೆಯೂ ಅಲ್ಲ.

ಚೀಟಿ ಎಂದರೆ ಕಾಗದದ್ದಲ್ಲ, ಅಳಿಯದ ಮಸಿಯಲ್ಲಿ ನಂಬರು ಬರೆದ ಬೆರಳಗಲದ ಬಟ್ಟೆ ಚೂರು. ಒಳಗುಂಡಿಯ ಕಾಜಕ್ಕೆ ದಾರದಿಂದ ಕಟ್ಟುತ್ತಿದ್ದ. ಆ ಗಂಟು ಎಷ್ಟು ಒಗೆದರೂ ಸಡಿಲವಾಗದು, ತುದಿ ಹಿಡಿದು ಎಳೆದರೆ ಒಂದೇ ಸಲಕ್ಕೆ ಬಿಚ್ಚಿಕೊಳ್ಳುವುದು. ಬಿಚ್ಚಿದ ಚೀಟಿಗಳನ್ನು ಅಂಗಿಯ ಜೇಬಿಗೆ ತುರುಕಿಕೊಂಡು ಮರೆಯುವುದರಲ್ಲಿ ಅವನದು ಎತ್ತಿದ ಕೈ. "ನಿಮ್ಮ ಜೇಬೋ, ಕಸದ ಡಬ್ಬಿಯೋ?" ಎಂದು ಬೈಯುತ್ತಾ ವಾರ ವಾರ ಅವುಗಳನ್ನು ಹೊರಗೆ ತೆಗೆಯುವುದು ಅವಳ ಕೆಲಸ. ಈಗಲೂ ಜೇಬಿನ ಮೇಲೆ ಇಸ್ತ್ರಿ ಓಡಿಸುವ ಮುಂಚೆ ಅವಳ ಬೆರಳು ತಾನಾಗಿ ಒಳಗೆ ಹೋಯಿತು. ಖಾಲಿ.

"ಅಮ್ಮಾ, ಇದನ್ನ ನೋಡು!" ಮಗಳು ಮೆಟ್ಟಿಲಿಳಿದು ಬಂದಳು. ಅವಳ ಕೈಯಲ್ಲಿ ಒಂದು ಫೋಟೋ. "ನಿನ್ನ ಕೈಚೀಲದಲ್ಲಿತ್ತು. ಅಪ್ಪ ಇಷ್ಟು ಚೆಂದ ಇದ್ರಾ? ಯಾವಾಗ ಹೊಲಿಸಿದ್ರು ಈ ಕೋಟು?"

ಫೋಟೋದಲ್ಲಿ ಅವನು ಹಡಗುಕಟ್ಟೆಯ ಮೇಲೆ ನಿಂತಿದ್ದ. ಹಿಂದೆ ಒಂದು ಹಡಗಿನ ಹೊಟ್ಟೆ, ಮೈಮೇಲೆ ಬೂದುಬಣ್ಣದ ಉಣ್ಣೆ ಕೋಟು, ಎದೆಯ ಮೇಲೆ ಇಟ್ಟುಕೊಂಡ ಬಲಗೈ.

"ಅಯ್ಯೋ, ಏನು ಠೀವಿ!" ಎಂದಳು ನಾದಿನಿ. "ಎದೆ ಮೇಲೆ ಕೈ ಬೇರೆ, ಮಂತ್ರಿಗಳ ಹಾಗೆ. ಅತ್ತಿಗೆ, ಈ ಕೋಟು ಹಾಕಿಯೇ ಕಳಿಸೋಣ. ಜನ್ಮವಿಡೀ ಊರಿನವರ ಬಟ್ಟೆ ತಿಕ್ಕಿದ. ಹೋಗುವಾಗಲಾದರೂ ದೊಡ್ಡ ಮನುಷ್ಯನ ಹಾಗೆ ಹೋಗಲಿ."

"ಹೌದಮ್ಮ. ಎಲ್ಲಿದೆ ಕೋಟು?"

ಅವಳು ಇಸ್ತ್ರಿಪೆಟ್ಟಿಗೆಯನ್ನು ಅದರ ತಟ್ಟೆಯ ಮೇಲಿಟ್ಟಳು. ಕೋಟು ಮೂರೇ ಅಡಿ ದೂರದಲ್ಲಿ, ಮೇಜಿನ ಕೆಳಗೆ, ಪ್ರವಾಸದಿಂದ ಬಂದಮೇಲೆ ಇನ್ನೂ ತೆರೆಯದ ಸೂಟ್‌ಕೇಸಿನಲ್ಲಿತ್ತು. ಅದು ಅವನ ಕೋಟಲ್ಲ. ಅದು ಇನ್ನೂರ ಹನ್ನೊಂದನೆಯ ನಂಬರು, ಗಿರಾಕಿಯದು. ಹಾಗಂತ ಹೇಳಿದರೆ ಗರಿಗರಿಯಣ್ಣ ಗಿರಾಕಿಯ ಕೋಟು ಹಾಕಿಕೊಂಡು ಫೋಟೋ ತೆಗೆಸಿಕೊಂಡನಂತೆ ಎಂದು ಬೀದಿಯೆಲ್ಲ ಆಡಿಕೊಳ್ಳುತ್ತದೆ, ಅದೂ ಅವನನ್ನು ಎತ್ತುವ ದಿನವೇ. ಹೇಳದಿದ್ದರೆ ಅವನು ಮೊನ್ನೆ ಬೂಟು ಕಟ್ಟಿಕೊಂಡು ಹೊರಟಿದ್ದ ಕೆಲಸ ಕೆಟ್ಟುಹೋಗುತ್ತದೆ.

"ನೋಡ್ತೀನಿ," ಎಂದಳು. "ಮೊದಲು ಅಂಗಿ ಆಗಲಿ."

*

ಪ್ರವಾಸ ಹೋಗಬೇಕೆಂದು ಹಟ ಹಿಡಿದವಳು ಅವಳೇ. ಒಂದು ವಾರ ಬಂದರಿನ ಊರಿನಲ್ಲಿ ಇದ್ದು ಬರೋಣ, ಸಮುದ್ರ ನೋಡದೆ ಸಾಯಬೇಕಾ ನಾನು, ಎಂದು ವರ್ಷಗಟ್ಟಲೆ ಹೇಳಿ ಹೇಳಿ ಅವನ ತಲೆ ಚಿಟ್ಟು ಹಿಡಿಸಿದ್ದಳು. ಅವನು ಜಪ್ಪಯ್ಯ ಎಂದರೂ ಒಪ್ಪಿರಲಿಲ್ಲ. ಈ ವರ್ಷ ಅದೇನಾಯಿತೋ, ಒಂದು ಸಂಜೆ ತಾನಾಗಿ, "ಆಯ್ತು, ಹೋಗೋಣ ಬಿಡೇ," ಎಂದುಬಿಟ್ಟ. ಅವಳಿಗೇ ಗಾಬರಿಯಾಯಿತು.

ಆ ಗಾಬರಿಯಲ್ಲೇ ತಪ್ಪಾದದ್ದು. ಹೊರಡುವ ಹಿಂದಿನ ದಿನ ಗಿರಾಕಿಗಳ ನೂಕುನುಗ್ಗಲು. ಎರಡು ಪ್ಯಾಂಟು ಒಗೆಯಲು ಕೊಟ್ಟಿದ್ದ ದಾರಿಹೋಕನೊಬ್ಬನಿಗೆ ಅವಳು ಎರಡು ಪ್ಯಾಂಟನ್ನೂ ಒಂದು ಕೋಟನ್ನೂ ಕಟ್ಟಿಕೊಟ್ಟಳು. ಆ ಪುಣ್ಯಾತ್ಮನೂ ತುಟಿಪಿಟಕ್ಕೆನ್ನದೆ ತಗೊಂಡು ಹೋದ. ಕೋಟು ಅವಳ ಗಂಡನದು. ಇರುವುದೊಂದೇ ಕೋಟು, ಪ್ರವಾಸಕ್ಕೆಂದು ಒಗೆದು ಪಕ್ಕದ ಕೊಕ್ಕೆಗೆ ನೇತುಹಾಕಿದ್ದ. ಮನೆಯದಾದ್ದರಿಂದ ಅದಕ್ಕೆ ಚೀಟಿ ಇರಲಿಲ್ಲ. ಮೂವತ್ತೊಂದು ವರ್ಷದಲ್ಲಿ ಆ ಅಂಗಡಿಯಲ್ಲಿ ಅದಲು ಬದಲಾದ ಬಟ್ಟೆ ಅದೊಂದೇ.

ಗೊತ್ತಾದದ್ದು ಬೆಳಗ್ಗೆ, ರೈಲಿಗೆ ಹೊರಡಲು ಅರ್ಧ ಗಂಟೆ ಇದ್ದಾಗ. ಹೇಳಿದರೆ ಇವನು ಸೂಟ್‌ಕೇಸು ಕೆಳಗಿಟ್ಟು ದಾರಿಹೋಕನನ್ನು ಹುಡುಕಲು ಹೊರಟುಬಿಡುತ್ತಾನೆ, ಸಮುದ್ರ ಇನ್ನು ಮುಂದಿನ ಜನ್ಮಕ್ಕೆ ಎಂಬುದು ಅವಳಿಗೆ ಖಾತ್ರಿ. ಕಣ್ಣು ಮೂಲೆಯ ಕೊಕ್ಕೆಗೆ ಹೋಯಿತು. ಅಲ್ಲಿ ಡ್ರಾಯಿಂಗ್ ಮೇಷ್ಟ್ರ ಕೋಟು ಒಂಬತ್ತು ವರ್ಷದಿಂದ ನೇತಾಡುತ್ತಿತ್ತು. ಮೇಷ್ಟ್ರ ಹೆಂಡತಿ ಒಂದು ಸೋಮವಾರ ತಂದುಕೊಟ್ಟಿದ್ದರು, ಗುರುವಾರ ತೀರಿಕೊಂಡರು. ಮೇಷ್ಟ್ರು ಆಮೇಲೆ ಅದನ್ನು ಕೇಳಿಕೊಂಡು ಬರಲೇ ಇಲ್ಲ. ಗರಿಗರಿಯಣ್ಣ ವರ್ಷಕ್ಕೆರಡು ಸಲ ಅದನ್ನು ಗಾಳಿಗೆ ಹಾಕಿ, ಬ್ರಷ್ ಮಾಡಿ, ಹೊಸ ಬಟ್ಟೆಯ ಹಾಗೆ ಮತ್ತೆ ಅಲ್ಲೇ ತೂಗುಹಾಕುತ್ತಿದ್ದ. ಅವಳು ಹಿಂದೆ ಮುಂದೆ ನೋಡಲಿಲ್ಲ, ಮಡಚಿ ಸೂಟ್‌ಕೇಸಿನ ತಳಕ್ಕೆ ಹಾಕಿದಳು.

ಹೋಟೆಲಿನ ಮೂರನೆಯ ಮಹಡಿಯ ಕೋಣೆಯಲ್ಲಿ ಅವನು ಅದನ್ನು ಕಂಡಾಗ ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು. ಕೋಟನ್ನು ಬಿಡಿಸಿ, ಒಳಗಿನ ಚೀಟಿ ನೋಡಿ, ಕಪಾಟಿನಲ್ಲಿ ತೂಗುಹಾಕಿ ಬಾಗಿಲು ಮುಚ್ಚಿದ. "ಲೇ, ಇದು ಆಯಮ್ಮ ಕೊನೇದಾಗಿ ಕೈಯಲ್ಲಿ ಹಿಡಿದಿದ್ದು ಕಣೇ," ಎಂದ. ಆಮೇಲೆ ಬರೀ ಅಂಗಿಯ ಮೇಲೆ ನಾಲ್ಕು ದಿನ ಕಡಲಗಾಳಿಗೆ ಗಡಗಡ ನಡುಗುತ್ತಾ ಓಡಾಡಿದ. ಅವಳೂ ಮುಖ ಊದಿಸಿಕೊಂಡು ಪಕ್ಕದಲ್ಲೇ ಓಡಾಡಿದಳು. ಚಳಿಯನ್ನು ಮರೆಯಲು ಅವನಿಗೆ ಇದ್ದ ದಾರಿ ಒಂದೇ, ಹಡಗುಗಳ ಮೇಲೆ ಒಣಹಾಕಿದ ಬಟ್ಟೆಗಳನ್ನು ನೋಡುವುದು.

"ನೋಡು ನೋಡು, ಬಿಳೀದೂ ಕೆಂಪೂ ಒಟ್ಟಿಗೆ ಒಗೆದಿದಾರೆ. ಇಂಥವರ ಕೈಗೆ ಅಷ್ಟು ದೊಡ್ಡ ಹಡಗು ಕೊಟ್ಟಿದಾರಲ್ಲ!"

ಅವಳಿಗೆ ನಗು ತಡೆಯಲಾಗಲಿಲ್ಲ. ಅಲ್ಲಿಗೆ ಮುನಿಸು ಮುಗಿಯಿತು.

*

ಹೊತ್ತು ಏರಿದ ಹಾಗೆ ಜನ ಬರತೊಡಗಿದರು. ಮನೆ ಅಂಗಡಿಯ ಮೇಲೆಯೇ, ಆದರೆ ಮೆಟ್ಟಿಲು ಕಿರಿದು. ಅಲ್ಲಿಂದ ಆಮೇಲೆ ಶವಪೆಟ್ಟಿಗೆ ಇಳಿಸಲಾಗದು. ಹಾಗಾಗಿ ಅಳಿಯ ಮತ್ತು ಪಕ್ಕದ ಕ್ಷೌರಿಕ ಸೇರಿ ಅವನನ್ನು ಮೊದಲೇ ಕೆಳಗೆ ತಂದು, ಪೆಟ್ಟಿಗೆಯಲ್ಲಿ ಮಲಗಿಸಿ, ಇಸ್ತ್ರಿ ಮೇಜಿನ ಮೇಲಿಟ್ಟರು. ಬೇರೆ ಜಾಗವೂ ಇರಲಿಲ್ಲ. ತಲೆಯ ಮೇಲೆ ಸಾಲುಸಾಲಾಗಿ ಗಿರಾಕಿಗಳ ಬಟ್ಟೆ ನೇತಾಡುತ್ತಿತ್ತು. ಬಿಳಿ ಅಂಗಿಯಲ್ಲಿ ಒಂದು ಮಡಿಕೆ ಇರಲಿಲ್ಲ.

ಅವಳು ಗೋಡೆಗೆ ಒರಗಿ ಕುರ್ಚಿಯ ಮೇಲೆ ಕೂತಿದ್ದಳು. ಬಂದವರ ಮುಖ ನೋಡಬೇಕಾದವಳ ಕಣ್ಣು ಅವರ ಬಟ್ಟೆಯ ಮೇಲೆಯೇ ಹೋಗುತ್ತಿತ್ತು. ಔಷಧಿ ಅಂಗಡಿಯವನ ಅಂಗಿ, ಗಂಡನದೇ ಇಸ್ತ್ರಿ. ಬಸ್ ಕಂಡಕ್ಟರನ ಪ್ಯಾಂಟು, ಗಂಡನದೇ ಗೆರೆ. ಬ್ಯಾಂಕಿನ ಕಾವಲುಗಾರನ ಕಾಲರು ಮಾತ್ರ ಬೇರೆ ಯಾರದೋ ಕೈ. ತಾವಿಬ್ಬರೂ ಊರಲ್ಲಿ ಇಲ್ಲದ ವಾರ ಎಲ್ಲೋ ಕೊಟ್ಟಿರಬೇಕು. ಕಾವಲುಗಾರನಿಗೂ ಅದು ಗೊತ್ತಿದ್ದಂತೆ ಕತ್ತನ್ನು ಕೈಯಿಂದ ಮುಚ್ಚಿಕೊಂಡೇ ನಿಂತಿದ್ದ.

"ನನ್ನ ಮದುವೆ ದಿನ," ಎಂದ ಕ್ಷೌರಿಕ, ಪಕ್ಕದಲ್ಲಿದ್ದವರಿಗೆ, "ಬೆಳಗ್ಗೆ ಅಂಗಿ ಮೇಲೆ ಇಷ್ಟಗಲ ಟೀ ಚೆಲ್ಲಿಕೊಂಡೆ. ಓಡಿ ಬಂದೆ ಇಲ್ಲಿಗೆ. ಒಗೆದು, ಒಣಗಿಸಿ, ತಿಕ್ಕಿ, ಹೊತ್ತಿಗೆ ಸರಿಯಾಗಿ ಕೈಗಿಟ್ಟ. ನೀನೇ ನಿನ್ನದೊಂದು ಕೊಟ್ಟಿದ್ದರೆ ಆಗ್ತಿತ್ತಲ್ಲಯ್ಯಾ ಅಂದೆ. ನೇತುಹಾಕಿರೋದರಲ್ಲಿ ಒಂದು ಎಳಕೊಂಡಿದ್ದರೂ ಯಾರಿಗೆ ಗೊತ್ತಾಗ್ತಿತ್ತು? ಆ ಮಾತಿಗೆ ಒಂದು ತಿಂಗಳು ನನ್ನ ಹತ್ತಿರ ಮಾತು ಬಿಟ್ಟಿದ್ದ ಮಾರಾಯ."

"ಅಷ್ಟು ನೇರ ಮನುಷ್ಯ," ಎಂದ ಕಂಡಕ್ಟರ್.

"ನೇರ ಅಂದರೆ ನೇರ. ಅವನ ಗೆರೆಗಿಂತ ನೇರ."

ಆ ನೇರ ಮನುಷ್ಯನನ್ನು ಸೊಟ್ಟ ಮಾಡಿದ್ದು ತಾನಲ್ಲವೇ ಎಂದುಕೊಂಡಳು ಅವಳು. ಅತ್ತ ಫೋಟೋ ಕೈಯಿಂದ ಕೈಗೆ ಹೋಗುತ್ತಿತ್ತು. ನೋಡಿದವರೆಲ್ಲ ಒಂದು ಸಲ ಹುಬ್ಬೇರಿಸಿ, ಒಂದು ಸಲ ಪೆಟ್ಟಿಗೆಯ ಕಡೆ ತಿರುಗುತ್ತಿದ್ದರು.

"ಅಕ್ಕಾ, ಈ ಕೋಟು ಹಾಕಬೇಕಿತ್ತು ಕಣ್ರೀ," ಎಂದ ಕಾವಲುಗಾರ. "ಬರೀ ಅಂಗೀಲಿ ಹೊರಗೆ ಚಳಿ ಬೇರೆ..." ಎಂದವನು ತಾನು ಹೇಳುತ್ತಿರುವುದೇನೆಂದು ಹೊಳೆದು ತಡವರಿಸಿ ಕಾಲರನ್ನು ಇನ್ನಷ್ಟು ಮುಚ್ಚಿಕೊಂಡ.

ಮಗಳು ಬಂದು ಅವಳ ಮುಂದೆ ಮಂಡಿಯೂರಿ ಕೂತಳು. ಅತ್ತು ಅತ್ತು ಕಣ್ಣು ಬಾತುಕೊಂಡಿದ್ದವು. "ಅಮ್ಮಾ, ಸೂಟ್‌ಕೇಸ್‌ನಲ್ಲಿದೆ ತಾನೆ? ಕೀಲಿ ಕೊಡು. ಅಪ್ಪ ಒಂದೇ ಒಂದು ಸಲ ಖುಷಿಯಾಗಿರೋದು ಈ ಫೋಟೋದಲ್ಲಿ. ಹಾಗೇ ಕಳಿಸೋಣಮ್ಮ, ದಮ್ಮಯ್ಯ."

ಕೊಡಬೇಕೆಂದು ಅವಳಿಗೂ ಆಸೆ. ಸುಳ್ಳೇಕೆ, ಮಗಳಿಗಿಂತ ಹೆಚ್ಚು ಆಸೆ. ಸೂಟ್‌ಕೇಸು ತೆರೆಯದೆ ಇಟ್ಟಿದ್ದಾದರೂ ಅದಕ್ಕೇ. ಆ ಕೋಟಿನ ಕತ್ತಿನ ಹತ್ತಿರ ಅವನ ವಾಸನೆ ಇನ್ನೂ ಇದ್ದೇ ಇರುತ್ತದೆ. ಕೋಟು ಅವನ ಜೊತೆ ಹೋಗಿಬಿಟ್ಟರೆ ಯಾರಿಗೂ ಏನೂ ತಿಳಿಯುವುದಿಲ್ಲ. ಮೇಷ್ಟ್ರು ಒಂಬತ್ತು ವರ್ಷ ಕೇಳಿಲ್ಲ, ಇನ್ನು ಕೇಳುವುದೂ ಇಲ್ಲ. ಖಾಲಿ ಕೊಕ್ಕೆಯನ್ನು ನೋಡಿ ಯಾರು ಏನು ಹೇಳಿಯಾರು?

"ಇರು," ಎಂದಳು ಮಗಳಿಗೆ. "ಇನ್ನೂ ಹೊತ್ತಿದೆ."

*

ಪ್ರವಾಸ ಮುಗಿಯಲು ಎರಡು ದಿನ ಇದ್ದಾಗ ಅವನಿಗೆ ಕೆಮ್ಮು ಹತ್ತಿತು. ಅವಳು ಕಪಾಟು ತೆರೆದು ಕೋಟು ತೆಗೆದಳು. "ಹಾಕ್ಕೊಳ್ತೀರೋ, ಇಲ್ಲ ನಾನು ಈ ಕಿಟಕಿಯಿಂದ ನಿಮ್ಮ ಹೆಸರು ಹಿಡಿದು ಕೂಗಲೋ?"

"ಕೂಗು. ನನ್ನ ಹೆಸರು ಮರೆತಿಲ್ಲ ಅಂತಾದರೂ ಗೊತ್ತಾಗಲಿ."

ಆದರೂ ತೋಳು ಚಾಚಿದ. ಕನ್ನಡಿಯ ಮುಂದೆ ನಿಂತು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ ನೋಡಿಕೊಂಡ. ಭುಜಕ್ಕೆ ಸರಿಯಾಗಿ ಕೂತಿತ್ತು, ಉದ್ದ ಸರಿಯಾಗಿತ್ತು. ಅವಳು ಚೀಟಿ ಬಿಚ್ಚಲು ಕೈ ಹಾಕಿದರೆ ಫಟ್ಟನೆ ಕೈ ಮೇಲೆ ಹೊಡೆದ. "ಅದು ಇರಲಿ. ಅದಿದ್ದರೆ ಇದು ನಂದಲ್ಲ ಅಂತ ಜ್ಞಾಪಕ ಇರುತ್ತೆ."

ಆ ದಿನ ಅವನು ಬೇರೆಯೇ ಮನುಷ್ಯ. ಕಟ್ಟೆಯ ಗೇಟಿನ ಕಾವಲಿನವನು ಸಲಾಮು ಹೊಡೆದ. ಹೋಟೆಲಿನ ಮ್ಯಾನೇಜರು ತಾನೇ ಎದ್ದು ಬಾಗಿಲು ತೆಗೆದ. ಇವನು ಬೆನ್ನು ನೆಟ್ಟಗೆ ಮಾಡಿಕೊಂಡು, ಅವಳ ಕೈಯನ್ನು ತನ್ನ ತೋಳಿನೊಳಗೆ ಸೇರಿಸಿಕೊಂಡು, ಹಡಗುಗಳ ಮುಂದೆ ಮಾಲೀಕನ ಹಾಗೆ ನಡೆದ. ಮೂವತ್ತೊಂದು ವರ್ಷದಲ್ಲಿ ಬೀದಿಯಲ್ಲಿ ಹೀಗೆ ಕೈ ಹಿಡಿದು ನಡೆದದ್ದೇ ಇಲ್ಲ, ಯಾವಾಗಲೂ ಇಬ್ಬರಲ್ಲಿ ಒಬ್ಬರ ಕೈಯಲ್ಲಿ ಬಟ್ಟೆಯ ಗಂಟು. ಫೋಟೋದವನು ಬೆನ್ನು ಬಿದ್ದ. ಗಾಳಿಗೆ ಕೋಟಿನ ಅಂಚು ಹಾರಿದಾಗಲೆಲ್ಲ ಚೀಟಿ ಹೊರಗೆ ಇಣುಕುತ್ತಿತ್ತು.

"ಸಾರ್, ಕೈ ಕೆಳಗಿಳಿಸಿ."

"ಇರಲಿ ಬಿಡಪ್ಪ. ಹೀಗೇ ತೆಗಿ."

ಕೈ ಇಳಿಸಿದ್ದರೆ ಇನ್ನೂರ ಹನ್ನೊಂದು ಎಂದು ಫೋಟೋದಲ್ಲಿ ದೊಡ್ಡದಾಗಿ ಬರುತ್ತಿತ್ತು. ಅವಳು ನಕ್ಕು ನಕ್ಕು ಅಲ್ಲೇ ಹಗ್ಗದ ಸುರುಳಿಯ ಮೇಲೆ ಕುಸಿದು ಕೂತಳು. ಅವಳನ್ನು ಎಬ್ಬಿಸಲು ಬಂದವನ ತೋಳು ಕಬ್ಬಿಣದ ಗೂಟಕ್ಕೆ ಒರಸಿತು. ಗೂಟಕ್ಕೆ ಹೊಸದಾಗಿ ಡಾಂಬರು ಬಳಿದಿದ್ದರು. ಬಲತೋಳಿನ ಮೇಲೆ, ಮೊಣಕೈಯಿಂದ ಕೆಳಗೆ, ಅಂಗೈಯಗಲ ಕರೀ ಕಲೆ.

ಅವನ ಮುಖದ ಬಣ್ಣ ಇಳಿದುಹೋದದ್ದನ್ನು ಅವಳು ನೋಡಿದಳು. ಕೋಟನ್ನು ಅಲ್ಲೇ ಬಿಚ್ಚಿದ. ಮಗುವನ್ನು ಎತ್ತಿಕೊಂಡ ಹಾಗೆ ಎರಡು ಕೈಯಲ್ಲಿ ಎತ್ತಿಕೊಂಡು ಹೋಟೆಲಿಗೆ ನಡೆದ.

ಮಾರನೆಯ ದಿನವೇ ಕೊನೆಯ ದಿನ. ಮೊದಲ ದಿನದಿಂದ ಅವಳು ಕಾದುಕೊಂಡಿದ್ದ ಬೋಟು, ಬಂದರನ್ನು ಸುತ್ತುಹಾಕಿಸಿ ದೀಪಸ್ತಂಭದ ತನಕ ಹೋಗಿಬರುವ ಬೋಟು, ಅಂದು ಎರಡು ಸಲ ಹೊರಡುವುದಿತ್ತು. ಅವನು ಬೆಳಗಿನ ತಿಂಡಿಗೆ ಕೊಟ್ಟ ಬೆಣ್ಣೆಯನ್ನು ಬ್ರೆಡ್ಡಿಗೆ ಹಚ್ಚಲಿಲ್ಲ, ಡಾಂಬರಿಗೆ ಹಚ್ಚಿದ. ಬೆಣ್ಣೆ ಅದನ್ನು ಸಡಿಲ ಮಾಡುವ ತನಕ ಕಾಯುವುದು, ಚಮಚದ ಹಿಂಬದಿಯಿಂದ ಕೆರೆಯುವುದು, ಸೋಪು, ತಣ್ಣೀರು, ಆಮೇಲೆ ಕಾಗದವಿಟ್ಟು ಮೇಲೆ ಬಿಸಿ ಇಸ್ತ್ರಿ. ಮತ್ತೆ ಬೆಣ್ಣೆ. ಮಧ್ಯಾಹ್ನದ ಬೋಟು ಕೂಗಿ ಹೊರಟಿತು. ಕಿಟಕಿಯಲ್ಲಿ ನಿಂತು ಅವಳು ಅದನ್ನು ನೋಡಿದಳು.

"ರೀ, ನಾಲ್ಕು ಗಂಟೆಯದಕ್ಕಾದರೂ ಬನ್ನಿ. ಮನೆಗೆ ಹೋಗಿ ತೆಗೆದರಾಯ್ತು ಕಲೆ."

"ಅಷ್ಟು ಹೊತ್ತಿಗೆ ಕಚ್ಚಿಕೊಂಡುಬಿಡುತ್ತೆ ಕಣೇ. ನೀನು ಹೋಗಿ ಬಾ."

"ಒಬ್ಬಳೇ ಹೋಗೋಕೆ ಮೂವತ್ತೊಂದು ವರ್ಷ ಕಾಯಬೇಕಿತ್ತಾ ನಾನು? ಕೋಟಿನ ಮೇಲಿರೋ ಕಾಳಜಿ ನನ್ನ ಮೇಲಿದ್ದಿದ್ದರೆ..." ಅವನು ತಲೆ ಎತ್ತಿದ. ಬೆರಳುಗಳೆಲ್ಲ ಬೆಣ್ಣೆ.

"ಬೋಟಲ್ಲಿ ಕೂತರೂ ನನ್ನ ಮನಸ್ಸು ಈ ತೋಳಿನ ಮೇಲೇ ಇರುತ್ತೆ. ಅಂಥವನನ್ನ ಪಕ್ಕದಲ್ಲಿ ಕೂರಿಸ್ಕೊಂಡು ಏನು ಮಾಡ್ತೀಯ?"

ನಾಲ್ಕು ಗಂಟೆಯ ಬೋಟೂ ಹೋಯಿತು. ಕಲೆ ಮುಕ್ಕಾಲು ಹೋಯಿತು; ಉಳಿದದ್ದು ಮಸುಕಾದ ನೆರಳು, ಗೊತ್ತಿದ್ದವರಿಗೆ ಮಾತ್ರ ಕಾಣುವಂಥದ್ದು. ಸಂಜೆ ಅವನು ಅವಳನ್ನು ಕಟ್ಟೆಯ ಮೆಟ್ಟಿಲಿಗೆ ಕರೆದುಕೊಂಡು ಹೋದ. ಬೋಟು ಹಗ್ಗ ಕಟ್ಟಿಕೊಂಡು ಖಾಲಿಯಾಗಿ ತೂಗುತ್ತಿತ್ತು. ಗಾಳಿ ಜೋರಾದಾಗ ಕೋಟನ್ನು ಅವಳ ಹೆಗಲಿಗೆ ಹಾಕಿ, ಇನ್ನೊಂದು ಅಂಚನ್ನು ತನ್ನ ಹೆಗಲಿಗೆ ಎಳೆದುಕೊಂಡ.

"ನಾಡಿದ್ದು ಬೆಳಗ್ಗೆ ಎದ್ದ ಕೂಡಲೇ ಮೇಷ್ಟ್ರ ಮನೆಗೆ ಹೋಗ್ತೀನಿ," ಎಂದ. "ಹಾಕ್ಕೊಂಡೆ, ಕಲೆ ಮಾಡಿದೆ, ಹೊಟ್ಟೆಗೆ ಹಾಕ್ಕೊಳ್ಳಿ ಅಂತೀನಿ. ಮುಂದಿನ ಸಲ ಬಂದಾಗ ಬೋಟು."

"ಮುಂದಿನ ಸಲ ಅಂದರೆ ಇನ್ನು ಮೂವತ್ತೊಂದು ವರ್ಷಕ್ಕಾ?"

"ಹೂಂ ಕಣೇ. ಅಲ್ಲೀ ತನಕ ನೀನು ಗಟ್ಟಿಯಾಗಿರು."

ಅವಳ ಸಿಟ್ಟಿನ್ನೂ ಇಳಿದಿರಲಿಲ್ಲ. ಆದರೆ ಕೋಟಿನೊಳಗೆ ಬೆಚ್ಚಗಿತ್ತು.

*

ಎರಡೂವರೆಗೆ ಡ್ರಾಯಿಂಗ್ ಮೇಷ್ಟ್ರು ಬಂದರು. ಎಪ್ಪತ್ತು ದಾಟಿದ ಸಣಕಲು ದೇಹ, ತೋಳು ಸವೆದ ಸ್ವೆಟರು. ಪೆಟ್ಟಿಗೆಯ ಮುಂದೆ ನಿಂತು ಒಂದು ನಿಮಿಷ ತಲೆ ತಗ್ಗಿಸಿದರು. ಆಮೇಲೆ, ಬೇಡವೆಂದುಕೊಂಡರೂ ತಡೆಯಲಾಗದವರ ಹಾಗೆ, ಮೂಲೆಯ ಕೊಕ್ಕೆಯ ಕಡೆ ನೋಡಿದರು. ಕೊಕ್ಕೆ ಖಾಲಿ ಇತ್ತು. ಅವರ ಮುಖ ಬಾಡಿತು, ಆದರೆ ಏನೂ ಕೇಳಲಿಲ್ಲ. ತಿರುಗಿ ಬಾಗಿಲ ಹತ್ತಿರ ಹೋಗಿ ಎಲ್ಲರ ಹಿಂದೆ ನಿಂತರು.

ಒಂಬತ್ತು ವರ್ಷ ಬೀದಿಯಲ್ಲಿ ಹೋಗುವಾಗಲೆಲ್ಲ ಈ ಮನುಷ್ಯ ಒಳಗೆ ಬರದೆ, ಹೊರಗಿನಿಂದಲೇ ಆ ಕೊಕ್ಕೆಯನ್ನು ನೋಡಿಕೊಂಡು ಹೋಗುತ್ತಿದ್ದದ್ದು ಅವಳಿಗೆ ಈಗ ಅರ್ಥವಾಯಿತು. ಗಂಡನಿಗೆ ಅದು ಮೊದಲೇ ಗೊತ್ತಿತ್ತು.

ಎದ್ದಳು. ಕತ್ತಿನ ದಾರದಲ್ಲಿದ್ದ ಕೀಲಿ ತೆಗೆದಳು. ಮೇಜಿನ ಕೆಳಗಿನಿಂದ ಸೂಟ್‌ಕೇಸು ಎಳೆದು ತೆರೆದಳು. ಮೇಲೆಯೇ ಇತ್ತು, ಅವನೇ ಮಡಚಿದ ಮಡಿಕೆ. ಮಗಳು, "ತಗೊಂಡ್ಯಾ ಅಮ್ಮ, ಕೊಡು," ಎಂದು ಕೈ ಚಾಚಿದಳು. ಅವಳು ಕೊಡಲಿಲ್ಲ. ಒಂದೇ ಒಂದು ಸಲ ಕೋಟಿನ ಕತ್ತಿಗೆ ಮುಖವಿಟ್ಟು ಉಸಿರೆಳೆದುಕೊಂಡಳು. ಆಮೇಲೆ ಜನರ ನಡುವೆ ದಾರಿ ಮಾಡಿಕೊಂಡು ಬಾಗಿಲಿಗೆ ಹೋದಳು.

"ಮೇಷ್ಟ್ರೇ, ಇದು ನಿಮ್ಮದು."

ಕಾವಲುಗಾರನ ಕೈಯಲ್ಲಿದ್ದ ಫೋಟೋವನ್ನು ನಾದಿನಿ ಕಿತ್ತುಕೊಂಡು ನೋಡಿದಳು. "ಅತ್ತಿಗೆ! ಅಣ್ಣ ಹಾಕ್ಕೊಂಡಿರೋದು..."

"ಹೂಂ. ಮೇಷ್ಟ್ರ ಕೋಟು. ನಮ್ಮವರ ಕೋಟನ್ನ ನಾನು ಯಾರಿಗೋ ಕೊಟ್ಟುಬಿಟ್ಟಿದ್ದೆ, ಗಡಿಬಿಡೀಲಿ. ಅವರಿಗೆ ಹೇಳದೆ ಇದನ್ನ ತಗೊಂಡು ಹೋದೆ. ಅವರು ಹಾಕ್ಕೊಳ್ಳಲ್ಲ ಅಂತ ನಾಲ್ಕು ದಿನ ನಡುಗಿದರು. ಕೊನೆಗೆ ಹಾಕಿಸಿದವಳೂ ನಾನೇ." ಎಲ್ಲರಿಗೂ ಕೇಳುವಂತೆ ಹೇಳಿದಳು. "ಬಲತೋಳಿಗೆ ಡಾಂಬರು ತಾಗಿತು ಮೇಷ್ಟ್ರೇ. ಒಂದು ದಿನ ಪೂರ್ತಿ ಕೂತು ತೆಗೆದರು. ಸ್ವಲ್ಪ ಉಳಕೊಂಡಿದೆ. ಅದನ್ನ ನಿಮಗೆ ಹೇಳೋಕೆ ಅಂತಾನೇ ಮೊನ್ನೆ ಬೆಳಗ್ಗೆ ಬೂಟು ಕಟ್ಕೊಳ್ತಾ ಇದ್ದರು."

ಕ್ಷೌರಿಕ ಅಂಗೈಯಿಂದ ಬಾಯಿ ಒತ್ತಿಕೊಂಡ.

ಮೇಷ್ಟ್ರು ಕೋಟಿನ ತೋಳನ್ನು ಬೆಳಕಿಗೆ ಹಿಡಿದು ಕಲೆಯನ್ನು ನೋಡಿದರು, ಮಕ್ಕಳ ಚಿತ್ರ ನೋಡುವ ಹಾಗೆ.

"ನನ್ನ ಹೆಂಡತಿ ಶುರುಮಾಡಿದ ಕೆಲಸ ಒಂದಾದರೂ ಮುಗಿಯದೆ ಇರಲಿ ಅಂತ ನಾನು ಬರಲಿಲ್ಲಮ್ಮ," ಎಂದರು. "ಇದನ್ನ ತಗೊಂಡು ಹೋದರೆ ಅವಳು ಹೊರಟೇ ಹೋದ ಹಾಗೆ ಅನ್ನಿಸ್ತಿತ್ತು. ನಿಮ್ಮ ಯಜಮಾನರು ಒಂದು ದಿನಾನೂ ಬಂದು ತಗೊಂಡು ಹೋಗಿ ಅನ್ನಲಿಲ್ಲ. ಬೀದೀಲಿ ಸಿಕ್ಕರೆ, ಗಾಳಿಗೆ ಹಾಕಿದೀನಿ ಮೇಷ್ಟ್ರೇ, ಚೆನ್ನಾಗಿದೆ, ಅನ್ನೋರು. ಮನೇಲಿರೋರ ಆರೋಗ್ಯ ಹೇಳಿದ ಹಾಗೆ." ಕಣ್ಣೊರೆಸಿಕೊಂಡು ಕೋಟನ್ನು ಅವಳ ಕಡೆಗೇ ಚಾಚಿದರು. "ಅವರಿಗೇ ಹಾಕಿ. ನಾನೇ ಕೊಡ್ತಾ ಇದೀನಿ."

ಮಗಳು ಅಮ್ಮನನ್ನೇ ನೋಡಿದಳು. ಎಲ್ಲರೂ ನೋಡಿದರು. ಈಗ ಕೋಟಿನವರೇ ಕೊಟ್ಟದ್ದು, ಯಾರ ಹಂಗೂ ಇಲ್ಲ. ಅವನು ದೊಡ್ಡ ಮನುಷ್ಯನ ಹಾಗೆ ಹೋಗಬಹುದು.

ಅವಳು ತಲೆಯಾಡಿಸಿದಳು. "ಬೇಡ ಮೇಷ್ಟ್ರೇ. ಒಂದು ದಿನ ಹಾಕ್ಕೊಂಡಿದ್ದಕ್ಕೇ ಅವರಿಗೆ ನೆಮ್ಮದಿ ಇರಲಿಲ್ಲ. ಇನ್ನು ಎಂದೆಂದಿಗೂ ಅಂತ ಹಾಕಿದರೆ ನನ್ನನ್ನ ಸುಮ್ಮನೆ ಬಿಡ್ತಾರಾ? ನೀವು ಹಾಕ್ಕೊಳ್ಳಿ. ಹೊರಗೆ ಗಾಳಿ ಇದೆ."

ಮೇಷ್ಟ್ರು ಸ್ವೆಟರಿನ ಮೇಲೆಯೇ ಕೋಟು ಹಾಕಿಕೊಂಡರು. ಒಂಬತ್ತು ವರ್ಷದಲ್ಲಿ ಇಳಿದುಹೋಗಿದ್ದರಿಂದ ಭುಜದಲ್ಲಿ ತುಸು ಸಡಿಲವಾಗಿತ್ತು. "ಹಾಗಾದರೆ ಒಂದು ಕಡೆ ನಾನು ಹೆಗಲು ಕೊಡ್ತೀನಿ," ಎಂದರು. ಆಗುವುದಿಲ್ಲ, ನಿಮಗೆ ವಯಸ್ಸಾಗಿದೆ ಎಂದು ಯಾರೂ ಹೇಳಲಿಲ್ಲ. ಕಾವಲುಗಾರ ಮಾತ್ರ ಯಾವುದಕ್ಕೂ ಇರಲಿ ಎಂದು ಅವರ ಹಿಂದೆ ಹೋಗಿ ನಿಂತ.

ಮೂರು ಗಂಟೆಗೆ ಅಳಿಯ, ಕ್ಷೌರಿಕ, ಕಂಡಕ್ಟರ್, ಮೇಷ್ಟ್ರು ಪೆಟ್ಟಿಗೆಯ ನಾಲ್ಕು ಮೂಲೆಗೆ ಬಂದರು. ಮುಚ್ಚಳ ಹಿಡಿದುಕೊಂಡು ಒಬ್ಬ ಪಕ್ಕದಲ್ಲಿ ನಿಂತಿದ್ದ. ಮೇಷ್ಟ್ರು ಹಿಡಿಗೆ ಕೈ ಹಾಕಲು ಬಗ್ಗಿದಾಗ ಕೋಟಿನ ಅಂಚು ತೆರೆದುಕೊಂಡಿತು. ಒಳಗಿನಿಂದ ಬೆರಳಗಲದ ಬಿಳಿ ಬಟ್ಟೆ ಚೂರೊಂದು ಜೋತು ಬಿತ್ತು.

"ನಿಲ್ಲಿ," ಎಂದಳು ಅವಳು.

ಎಲ್ಲರೂ ನಿಂತರು. ಅವಳು ಮೇಷ್ಟ್ರ ಮುಂದೆ ಬಂದು, ಕೋಟಿನ ಒಳಗುಂಡಿಯ ಕಾಜ ಹುಡುಕಿ, ದಾರದ ತುದಿ ಹಿಡಿದು ಎಳೆದಳು. ಗಂಟು ಒಂದೇ ಸಲಕ್ಕೆ ಬಿಚ್ಚಿಕೊಂಡಿತು. ಅವಳು ಪೆಟ್ಟಿಗೆಯ ಮೇಲೆ ಬಗ್ಗಿದಳು. ಚೀಟಿಯನ್ನು ಎರಡು ಮಡಿಕೆ ಮಾಡಿ ಗಂಡನ ಬಿಳಿ ಅಂಗಿಯ ಜೇಬಿನೊಳಗಿಟ್ಟು, ಜೇಬಿನ ಮೇಲೆ ಅಂಗೈಯಿಂದ ಒಮ್ಮೆ ಒತ್ತಿ ಸವರಿದಳು.

"ಈಗ ಎತ್ತಿ," ಎಂದಳು.